ಭಾವಚಿತ್ರಕ್ಕೂ ಒಂದು ಶಾಸನ ಬೇಕು

ನಮ್ಮ ಮನೆಯ ನಡುಮನೆಯಲ್ಲಿ ಒಂದು ಹಳೆಯ ಭಾವಚಿತ್ರವಿದೆ. ದಾವಣಗೆರೆಯ ಯಾವುದೋ ಸ್ಟುಡಿಯೋದಲ್ಲಿ ತೆಗೆಸಿದ್ದು. ಬಣ್ಣ ಬಳಿದ ಪರದೆಯ ಮುಂದೆ ಇಬ್ಬರು ತರುಣರು ನಿಂತಿದ್ದಾರೆ. ಎಡಗಡೆಯವರು ನನ್ನ ತಂದೆ. ಬಲಗಡೆಯವರು ತಂದೆಯ ಹೆಗಲ ಮೇಲೆ ಕೈಯಿಟ್ಟುಕೊಂಡು ನಗುತ್ತಿದ್ದಾರೆ. ಅವರಾರು? ತಂದೆ ತೀರಿಕೊಂಡ ಮೇಲೆ ಒಂದು ಸಂಜೆ ತಾಯಿಯನ್ನು ಕೇಳಿದೆ. "ನಿಮ್ಮಪ್ಪನ ಜೊತೆಗಾರ ಕಣಪ್ಪಾ. ಹೆಸರು ನಾಲಿಗೆ ಮೇಲೇ ಐತೆ, ಬರ್ತಾ ಇಲ್ಲ. ನಾಳೆ ಹೇಳ್ತೀನಿ ಬಿಡು" ಎಂದರು. ನಾಳೆ ನಾನು ಕೇಳಲಿಲ್ಲ. ಶಾಲೆಯ ಪರೀಕ್ಷೆಯ ಗಡಿಬಿಡಿ. ಆಮೇಲೆ ಕೇಳೋಣವೆಂದುಕೊಂಡು ವರ್ಷವೆರಡು ಕಳೆದುವು. ಈಗ ತಾಯಿಯೂ ಇಲ್ಲ. ಮಕ್ಕಳಿಗೆ ಕದಂಬರಿಂದ ಮೊದಲ್ಗೊಂಡು ರಾಜವಂಶಾವಳಿಯನ್ನೆಲ್ಲ ಬಾಯಿಪಾಠ ಮಾಡಿಸುವ ನನಗೆ, ನನ್ನ ತಂದೆಯ ಹೆಗಲ ಮೇಲೆ ಕೈಯಿಟ್ಟವರ ಹೆಸರು ಗೊತ್ತಿಲ್ಲ.

ಇಂಥ ಚಿತ್ರ ಪ್ರತಿಯೊಂದು ಮನೆಯಲ್ಲಿಯೂ ಒಂದಾದರೂ ಇರುತ್ತದೆ. ಅದರಿಂದಲೇ ಈ ವಿಷಯವನ್ನು ಓದುಗರ ಮುಂದಿಡುವ ಮನಸ್ಸಾಯಿತು.

ವೀರಗಲ್ಲು ಹೇಳುವ ಪಾಠ

ನಾನಿರುವುದು ಜಗಳೂರು ತಾಲ್ಲೂಕಿನ ಸೊಕ್ಕೆಯಲ್ಲಿ. ಮಳೆ ಕಡಮೆಯಾದ ಸೀಮೆ. ಕಲ್ಲಿಗೆ ಮಾತ್ರ ಬರವಿಲ್ಲ. ಈ ಕಡೆಯ ಹಳ್ಳಿಗಳಲ್ಲಿ ಗುಡಿಯ ಮಗ್ಗುಲಲ್ಲಿಯೋ ಕೆರೆಯ ಏರಿಯ ಮೇಲೆಯೋ ವೀರಗಲ್ಲು ಕಾಣುವುದು ಅಪರೂಪವಲ್ಲ. ವೀರಗಲ್ಲನ್ನು ನೋಡಿದವರಿಗೆ ಅದರ ರೀತಿ ಗೊತ್ತು. ಕೆಳಗಿನ ಅಂಕಣದಲ್ಲಿ ಕಾಳಗ, ನಡುವಿನದರಲ್ಲಿ ಮಡಿದ ವೀರನನ್ನು ಅಪ್ಸರೆಯರು ಮೇಲಕ್ಕೆ ಕರೆದೊಯ್ಯುವ ನೋಟ, ಮೇಲಿನದರಲ್ಲಿ ಆತ ದೇವರ ಸನ್ನಿಧಿಯಲ್ಲಿರುವುದು, ತುದಿಯಲ್ಲಿ ಸೂರ್ಯಚಂದ್ರರು. ಅಂಕಣಗಳ ನಡುವಿನ ಪಟ್ಟಿಕೆಗಳಲ್ಲಿ ಅಕ್ಷರಗಳಿದ್ದರೆ, ಇಂಥ ಶಕವರ್ಷದಲ್ಲಿ ಇಂಥ ಊರಿನ ಇಂಥವನ ಮಗ ಇಂಥವನು ತುರುಗಳನ್ನು ಮರಳಿಸಿ ಮಡಿದನೆಂದು ಎಂಟುನೂರು ವರ್ಷಗಳಾದ ಮೇಲೂ ಓದಿಕೊಳ್ಳಬಹುದು. ಅಕ್ಷರವಿಲ್ಲದಿದ್ದರೆ? ಶಿಲ್ಪ ಎಷ್ಟೇ ಸೊಗಸಾಗಿರಲಿ, ಅದು ಯಾರೋ ಒಬ್ಬ ವೀರನ ಕಲ್ಲು, ಅಷ್ಟೆ. ಮಡಿದವನ ಮನೆಯವರಿಗೆ ಆ ಹೊತ್ತು ಹೆಸರು ಬರೆಯಿಸುವ ಅಗತ್ಯ ಕಂಡಿರಲಿಕ್ಕಿಲ್ಲ. ಊರಿಗೆಲ್ಲ ಗೊತ್ತಿದ್ದ ಹೆಸರಲ್ಲವೆ!

ಭಾವಚಿತ್ರದ ಕತೆಯೂ ಇದೇ. ತೆಗೆಸಿದ ದಿನ ಅದರಲ್ಲಿರುವವರ ಹೆಸರು ಎಲ್ಲರಿಗೂ ಗೊತ್ತು. ಎರಡು ತಲೆಮಾರು ಕಳೆದರೆ ಅದು ಅಕ್ಷರವಿಲ್ಲದ ವೀರಗಲ್ಲಾಗುತ್ತದೆ.

ಚಿತ್ರದಿಂದ ಆಗುವ ಉಪಕಾರ

ಹಾಗೆಂದು ಚಿತ್ರದ ಬೆಲೆ ಕಡಮೆಯದಲ್ಲ. ನೆನಪು ಹೇಳಲಾರದುದನ್ನು ಚಿತ್ರ ಹೇಳುತ್ತದೆ. ಛಾಯಾಗ್ರಹಣದ ವಿದ್ಯೆ ಲೋಕಕ್ಕೆ ಪ್ರಕಟವಾದದ್ದು 1839ರಲ್ಲಿ. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಅದು ನಮ್ಮ ನಾಡಿಗೂ ಬಂದಿತ್ತು. 1854ರಲ್ಲಿ ಲಿನಿಯಸ್ ಟ್ರೈಪ್ ಎಂಬ ಸೇನಾಧಿಕಾರಿ ಬೇಲೂರು ಹಳೆಯಬೀಡುಗಳ ದೇವಾಲಯಗಳ ಚಿತ್ರ ತೆಗೆದರು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಇನ್ನೊಬ್ಬ ಸೇನಾಧಿಕಾರಿ ಹಂಪೆಗೆ ಬಂದು, ಮೇಣ ಸವರಿದ ದೊಡ್ಡ ಕಾಗದದ ನೆಗೆಟಿವ್‌ಗಳ ಮೇಲೆ ವಿಜಯನಗರದ ಹಾಳುಗಳನ್ನು ಸೆರೆಹಿಡಿದರು.

ಹಂಪೆಯ ವಿಠ್ಠಲ ದೇವಾಲಯದ ಕಲ್ಲಿನ ತೇರನ್ನು ನೋಡದವರಾರು? ಹಂಪೆಗೆ ಹೋಗದವರೂ ಈಗಿನ ಐವತ್ತು ರೂಪಾಯಿಯ ನೋಟಿನಲ್ಲಿ ಅದನ್ನು ನೋಡಿರುವರು. ಚಪ್ಪಟೆಯಾದ ಮೇಲ್ಭಾಗದ ಆ ತೇರು ಮೊದಲಿನಿಂದಲೂ ಹಾಗೆಯೇ ಇತ್ತೆಂದು ನಾವು ತಿಳಿಯುತ್ತೇವೆ. ಗ್ರೀನ್‌ಲಾ ಅವರ ಚಿತ್ರದಲ್ಲಾದರೋ ತೇರಿನ ನೆತ್ತಿಯ ಮೇಲೆ ಇಟ್ಟಿಗೆಯಿಂದ ಕಟ್ಟಿದ ಶಿಖರವೊಂದು ನಿಂತಿದೆ. ಶಿಥಿಲವಾಗಿದ್ದ ಆ ಶಿಖರವನ್ನು ಮುಂದೆ ತೆಗೆದುಹಾಕಿದರು, ಜನಕ್ಕೆ ಮರೆತೇಹೋಯಿತು. ಬಹುಕಾಲ ಕಣ್ಮರೆಯಾಗಿದ್ದ ಆ ನೆಗೆಟಿವ್‌ಗಳು ಮತ್ತೆ ಸಿಕ್ಕಿ, 1983ರಲ್ಲಿ ಜಾನ್ ಗಾಲಿಂಗ್ಸ್ ಎಂಬ ಆಸ್ಟ್ರೇಲಿಯದ ಛಾಯಾಗ್ರಾಹಕರು ಗ್ರೀನ್‌ಲಾ ನಿಂತ ಜಾಗಗಳಲ್ಲಿಯೇ ನಿಂತು ಹೊಸ ಚಿತ್ರಗಳನ್ನು ತೆಗೆದರು. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ, ಒಂದೂಕಾಲು ಶತಮಾನದಲ್ಲಿ ಏನು ಉಳಿಯಿತು, ಏನು ಹೋಯಿತು ಎಂಬುದು ಕಣ್ಣಿಗೆ ಕಟ್ಟುತ್ತದೆ.

ನಮ್ಮ ಜಿಲ್ಲೆಗೂ ಈ ಭಾಗ್ಯ ಬೇಗ ಒದಗಿತು. ಹೊಯ್ಸಳ ನರಸಿಂಹನ ಮಂತ್ರಿ ಪೋಲಾಳ್ವ 13ನೆಯ ಶತಮಾನದಲ್ಲಿ ಕಟ್ಟಿಸಿದ ಹರಿಹರದ ಹರಿಹರೇಶ್ವರ ದೇವಾಲಯದ ಚಿತ್ರಗಳು, 1866ರಲ್ಲಿ ಲಂಡನ್ನಿನಲ್ಲಿ ಅಚ್ಚಾದ, ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪವನ್ನು ಕುರಿತ ದೊಡ್ಡ ಗ್ರಂಥದಲ್ಲಿ ಸೇರಿದುವು. ಅದರ ಹಿಂದಿನ ವರ್ಷ ಮೇಜರ್ ಡಿಕ್ಸನ್ ಎಂಬುವರು ಮೈಸೂರು ಸರ್ಕಾರಕ್ಕಾಗಿ ಶಾಸನಗಳ ಛಾಯಾಚಿತ್ರಗಳನ್ನು ತೆಗೆದಿದ್ದರು. ಕಲ್ಲಿನ ಬಳಿಗೆ ಹೋಗದೆ ಆ ಚಿತ್ರಗಳನ್ನು ಮೇಜಿನ ಮೇಲಿಟ್ಟುಕೊಂಡು ಅನೇಕ ಶಾಸನಗಳನ್ನು ಓದಲು ಸಾಧ್ಯವಾಯಿತು. ಬಿ. ಎಲ್. ರೈಸ್ ಅವರು ಅವನ್ನು ಇಂಗ್ಲಿಷಿಗೆ ತಿರುಗಿಸಿ 1879ರಲ್ಲಿ ಪುಸ್ತಕರೂಪದಲ್ಲಿ ಹೊರತಂದರು. ಮುಂದೆ ಅವರು ಊರೂರುಗಳ ಶಾಸನಗಳನ್ನು ಸಂಗ್ರಹಿಸಿ ಪ್ರಕಟಿಸಿದ ಮಹಾಕಾರ್ಯಕ್ಕೆ ಇದೊಂದು ಪೀಠಿಕೆಯಂತಾಯಿತು.

ಕಂಬದ ಪಕ್ಕದಲ್ಲಿ ನಿಂತವರು

ಆ ಕಾಲದ ಚಿತ್ರಗಳನ್ನು ನಿಧಾನವಾಗಿ ನೋಡಿದರೆ ಒಂದು ಸಂಗತಿ ಮನಸ್ಸಿಗೆ ನಾಟುತ್ತದೆ. ಎಷ್ಟೋ ಚಿತ್ರಗಳಲ್ಲಿ ಕಂಬದ ಪಕ್ಕದಲ್ಲಿಯೋ ಬಾಗಿಲ ಬಳಿಯಲ್ಲಿಯೋ ಒಬ್ಬ ಮನುಷ್ಯನನ್ನು ನಿಲ್ಲಿಸಿರುತ್ತಾರೆ. ಕಂಬ ಎಷ್ಟು ಎತ್ತರವೆಂದು ನೋಡುವವರಿಗೆ ತಿಳಿಯಲೆಂದು. ಆತ ಅಲ್ಲಿ ಅಳತೆಕೋಲು. ಕಂಬ ಯಾವ ರಾಜನ ಕಾಲದ್ದೆಂದು ಚಿತ್ರದ ಕೆಳಗೆ ಬರೆದಿದೆ. ಆತ ಯಾರ ಮಗನೆಂದು ಬರೆದಿಲ್ಲ. ಬಿಸಿಲಲ್ಲಿ ಅಲುಗದೆ ನಿಂತ ಆ ನಮ್ಮ ಊರಿನವನು ಪೂಜಾರಿಯೋ ತಳವಾರನೋ ದಾರಿಹೋಕನೋ ಈಗ ಹೇಳುವವರಾರು?

ಇದಕ್ಕಿಂತ ಮನಸ್ಸನ್ನು ಕಲಕುವ ಉದಾಹರಣೆಯುಂಟು. 1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಮಹಾಕ್ಷಾಮ ಕಾಡಿತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕಿಂತ ಕೆಳಗಿಳಿದಿತ್ತು. ಆ ಕ್ಷಾಮದಲ್ಲಿ ಮದರಾಸು ಪ್ರಾಂತದ ಎಲುಬುಗೂಡಾದ ಜನರನ್ನು ಸಾಲಾಗಿ ಕೂರಿಸಿ ಹೂಪರ್ ಎಂಬ ಸೇನಾಧಿಕಾರಿ ತೆಗೆದ ಚಿತ್ರಗಳು ಇಂದಿಗೂ ಇವೆ. ಚಿತ್ರ ತೆಗೆದ ಮಾತ್ರಕ್ಕೆ ಹಸಿದವರಿಗೆ ಏನು ಸಿಕ್ಕಿತೆಂದು ಆಗಲೇ ಇಂಗ್ಲೆಂಡಿನ ಪತ್ರಿಕೆಯೊಂದು ಚುಚ್ಚಿ ಕೇಳಿತು. ಬರವನ್ನು ಬಲ್ಲ ನಮ್ಮಂಥ ಸೀಮೆಯವರು ಆ ಚಿತ್ರಗಳನ್ನು ನೋಡುವಾಗ ಇನ್ನೊಂದನ್ನೂ ಕೇಳಬೇಕಾಗುತ್ತದೆ: ಇವರ ಹೆಸರೇನು, ಇವರು ಯಾವ ಊರಿನವರು? ಉತ್ತರವಿಲ್ಲ. ಕೇಳಿ ಬರೆದುಕೊಳ್ಳಲು ಒಂದು ಗಳಿಗೆ ಸಾಕಾಗಿತ್ತು.

ಇಂಗ್ಲೆಂಡಿನವರು ತಮ್ಮ ಊರುಗಳಿಗೆ ಮಾಡಿದ್ದು

ನಮ್ಮ ದೇಶದ ಚಿತ್ರಗಳಲ್ಲಿ ಜನರನ್ನು ಹೀಗೆ ಬಿಟ್ಟ ಆ ನಾಡಿನಲ್ಲಿಯೇ, ಸ್ವಂತ ಊರುಗಳ ವಿಷಯದಲ್ಲಿ ನಡೆದ ಕೆಲಸ ಕಲಿಯತಕ್ಕದ್ದಾಗಿದೆ. ಲಂಡನ್ನಿನಲ್ಲಿ ಆಕ್ಸ್‌ಫರ್ಡ್ ಆರ್ಮ್ಸ್ ಎಂಬ ಹಳೆಯ ತಂಗುಮನೆಯನ್ನು ಕೆಡವುತ್ತಾರೆಂದು ತಿಳಿದ ಕೆಲವರು 1875ರಲ್ಲಿ ಒಂದು ಸಂಘವನ್ನು ಕಟ್ಟಿಕೊಂಡು, ಅದನ್ನೂ ಅದರಂತೆ ಅಳಿಯಲಿದ್ದ ಇತರ ಕಟ್ಟಡಗಳನ್ನೂ ಚಿತ್ರಗಳಲ್ಲಿ ಉಳಿಸಿದರು. 1886ರ ವೇಳೆಗೆ 120 ಚಿತ್ರಗಳಾದುವು. ಬರ್ಮಿಂಗ್‌ಹ್ಯಾಮಿನ ಸರ್ ಬೆಂಜಮಿನ್ ಸ್ಟೋನ್ 1897ರಲ್ಲಿ ಇನ್ನೂ ದೊಡ್ಡ ಸಂಘವೊಂದನ್ನು ಸ್ಥಾಪಿಸಿದರು. ಊರಿನ ಜಾತ್ರೆ, ಹಬ್ಬ, ಸಂಪ್ರದಾಯಗಳು ಮಾಯವಾಗುವ ಮುನ್ನ ಹವ್ಯಾಸಿಗಳೇ ಅವುಗಳ ಚಿತ್ರ ತೆಗೆದು, ವಿವರ ಬರೆದು, ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಬೇಕೆಂಬುದು ಅದರ ಉದ್ದೇಶ. 1910ರವರೆಗೆ ಆ ಸಂಘ ಕೆಲಸ ಮಾಡಿತು.

ಇವರಿಗೂ ಮೊದಲಿಗರು ಫ್ರಾನ್ಸಿಸ್ ಫ್ರಿತ್. ಈಜಿಪ್ಟ್ ದೇಶದ ಚಿತ್ರಗಳಿಂದ ಹೆಸರಾದ ಇವರು 1860ರಲ್ಲಿ ರೈಗೇಟ್ ಎಂಬಲ್ಲಿ ಕಂಪೆನಿ ತೆರೆದು, ಬ್ರಿಟನ್ನಿನ ಊರೂರುಗಳ ಬೀದಿ, ಸಂತೆ, ಸೇತುವೆ, ಸಮುದ್ರದಂಡೆಗಳನ್ನು ಚಿತ್ರಿಸಿ ಮಾರುವ ಉದ್ಯೋಗಕ್ಕಿಳಿದರು. ಅವರು 1898ರಲ್ಲಿ ತೀರಿಕೊಂಡರೂ ಕಂಪೆನಿ ನಡೆದು, ಮುಂದೆ ಅಂಚೆಕಾರ್ಡುಗಳ ಮೂಲಕ ಆ ಚಿತ್ರಗಳು ಮನೆಮನೆಗೂ ಹೋದುವು. ಇದು ವ್ಯಾಪಾರವೇ ಹೊರತು ಧರ್ಮಕಾರ್ಯವಲ್ಲ. ಆದರೆ ವ್ಯಾಪಾರಕ್ಕಾಗಿಯೇ ಅವರು ಒಂದು ಶಿಸ್ತನ್ನು ಪಾಲಿಸಿದರು. ಪ್ರತಿ ಚಿತ್ರಕ್ಕೂ ಊರಿನ ಹೆಸರು, ಒಂದು ಸಂಖ್ಯೆ. ಕಂಪೆನಿ 1970ರ ಸುಮಾರಿಗೆ ಮುಚ್ಚಿದಾಗ ಸಂಗ್ರಹ ಕಸದ ಪಾಲಾಗದೆ ಉಳಿದದ್ದು ಪುಣ್ಯ. ಈಗ ಆ ಚಿತ್ರಗಳನ್ನು ನೋಡಿದ ಆಯಾ ಊರಿನವರು, "ಈ ಅಂಗಡಿಯಲ್ಲಿ ನಮ್ಮ ತಾತ ಕೆಲಸಕ್ಕಿದ್ದರು", "ಈ ಬೀದಿಯ ಮೂರನೆಯ ಮನೆಯಲ್ಲಿ ನಾನು ಹುಟ್ಟಿದೆ" ಎಂಬಂಥ ನೆನಪುಗಳನ್ನು ಬರೆದು ಸೇರಿಸುವರು. ಊರಿನ ಹೆಸರೊಂದು ಮೊದಲೇ ಇದ್ದುದರಿಂದ ಈ ನೆನಪುಗಳಿಗೆ ಕೂರಲು ಜಾಗ ಸಿಕ್ಕಿತು.

ನಮಗೂ ಇದು ಹೊಸದೇನಲ್ಲ. 19ನೆಯ ಶತಮಾನದ ಆದಿಯಲ್ಲಿ ಕರ್ನಲ್ ಮೆಕೆಂಜಿಯವರ ಸಹಾಯಕರು ಹಳ್ಳಿಹಳ್ಳಿಗೆ ಹೋಗಿ ಶಾನುಭೋಗರನ್ನೂ ಹಿರಿಯರನ್ನೂ ಕೇಳಿ ಬರೆಯಿಸಿದ ಕೈಫಿಯತ್ತುಗಳಿವೆ. ಕೆರೆ ಕಟ್ಟಿಸಿದವರಾರು, ಊರು ಹಾಳಾದದ್ದು ಯಾವಾಗ, ಮತ್ತೆ ನೆಲೆನಿಂತದ್ದು ಹೇಗೆ ಎಂಬ ನೆನಪುಗಳೆಲ್ಲ ಅವುಗಳಲ್ಲಿವೆ. ಡಾ. ಎಂ. ಎಂ. ಕಲಬುರ್ಗಿಯವರು ಸಂಪಾದಿಸಿದ ಕರ್ನಾಟಕದ ಕೈಫಿಯತ್ತುಗಳನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯ 1994ರಲ್ಲಿ ಪ್ರಕಟಿಸಿದೆ. ಹಿರಿಯರ ಬಾಯಿಂದ ಕೇಳಿ ಬರೆಯುವ ಕೆಲಸಕ್ಕೆ ನಮ್ಮಲ್ಲಿ ಎರಡು ಶತಮಾನದ ಮೇಲ್ಪಂಕ್ತಿಯಿದೆ.

ಒಂದು ಮದುವೆಯ ಚಿತ್ರ

ಕೆಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯ ಮಕ್ಕಳಿಗೆ, ಮನೆಯಲ್ಲಿರುವ ಹಳೆಯ ಚಿತ್ರವೊಂದನ್ನು ತನ್ನಿರೆಂದು ಹೇಳಿದೆ. ತಂದವುಗಳಲ್ಲಿ ಹಿಂಬದಿಗೆ ಹೆಸರು ಬರೆದಿದ್ದುದು ಒಂದೆರಡು ಮಾತ್ರ. ಒಬ್ಬ ಹುಡುಗಿ ತನ್ನ ಅಜ್ಜಿಯ ಮದುವೆಯ ಚಿತ್ರ ತಂದಿದ್ದಳು. ನಡುವೆ ಕುರ್ಚಿಗಳ ಮೇಲೆ ವಧೂವರರು, ಸುತ್ತ ಬೀಗರು, ಹಿಂದೆ ಮಾಳಿಗೆಮನೆಯ ಗೋಡೆ. ಚಿತ್ರದ ಅಂಚಿನಲ್ಲಿ ಒಬ್ಬ ಹೆಂಗಸಿನ ಅರ್ಧ ಮುಖ ಮಾತ್ರ ಬಿದ್ದಿದೆ. "ಇವರು ಯಾರೋ ಗೊತ್ತಿಲ್ಲ, ಸಾರ್" ಎಂದಳು. ಅಜ್ಜಿಯನ್ನು ಕೇಳಿಕೊಂಡು ಬಾ ಎಂದು ಕಳಿಸಿದೆ. ಮರುದಿನ ಹುಡುಗಿ ಅಜ್ಜಿಯ ಮಾತನ್ನು ಹಾಗೆಯೇ ಬರೆದು ತಂದಳು: "ಗೊತ್ತಿಲ್ವೇನೆ ನಿಂಗೆ? ನಿಮ್ಮಪ್ಪನ್ನ ಹೆರಿಗೆ ಮಾಡ್ಸಿದಾಕಿ. ಈ ಓಣಿ ಮಕ್ಕಳೆಲ್ಲ ಆಕಿ ಕೈಯಾಗೇ ಹುಟ್ಟಿದ್ದು."

ಆ ಸೂಲಗಿತ್ತಿಯ ಬೇರೆ ಚಿತ್ರ ಊರಿನಲ್ಲಿ ಎಲ್ಲಿಯೂ ಇಲ್ಲವೆಂದು ಆಮೇಲೆ ತಿಳಿಯಿತು. ಆಕೆಯ ಹೆಸರನ್ನು ಹುಡುಗಿ ಚಿತ್ರದ ಹಿಂದೆ ಬರೆದಿಟ್ಟಳು. ಅಜ್ಜಿ ಆ ವರ್ಷವೇ ತೀರಿಕೊಂಡರು.

ಆ ಚಿತ್ರದಿಂದ ಇನ್ನೊಂದು ಪಾಠವೂ ಆಯಿತು. ಮದುವೆ ಬರಗಾಲದ ವರ್ಷ ಆಯಿತೆಂದು ಅಜ್ಜಿ ಹೇಳಿದ್ದರು. 1972 ಇರಬೇಕೆಂದು ಮನೆಯವರು ಲೆಕ್ಕ ಹಾಕಿದರು. ಟ್ರಂಕಿನಲ್ಲಿ ಲಗ್ನಪತ್ರಿಕೆ ಸಿಕ್ಕಿತು; ಅದರಲ್ಲಿ ಪ್ರಮಾದೀಚ ಸಂವತ್ಸರದ ವೈಶಾಖ ಮಾಸವೆಂದಿತ್ತು. ಸಂವತ್ಸರದ ಹೆಸರು ಅರವತ್ತು ವರ್ಷಕ್ಕೊಮ್ಮೆ ಮರಳುವುದರಿಂದ, ಒಬ್ಬರ ಆಯುಷ್ಯದೊಳಗೆ ಅದರಿಂದ ವರ್ಷ ತಿಳಿಯುವುದು ಸುಲಭ. ಪ್ರಮಾದೀಚವೆಂದರೆ 1973ರ ಯುಗಾದಿಯಿಂದ ಮೊದಲಾದ ವರ್ಷ. ಹಾಗಾದರೆ ಅಜ್ಜಿ ಹೇಳಿದ್ದು ತಪ್ಪೆ? ಅಲ್ಲ. 1972ರಲ್ಲಿ ಮಳೆ ಕೈಕೊಟ್ಟದ್ದರ ಬವಣೆ ಮರುವರ್ಷದ ಮಳೆ ಬೀಳುವವರೆಗೂ ಇತ್ತು. ವೈಶಾಖದಲ್ಲಿ ಬರ ಇನ್ನೂ ಮುಗಿದಿರಲಿಲ್ಲ. ತಪ್ಪಿದ್ದು ನಮ್ಮ ಲೆಕ್ಕ. ಹೀಗೆ ನೆನಪು, ಚಿತ್ರ, ಕಾಗದ ಈ ಮೂರೂ ಒಂದನ್ನೊಂದು ತಿದ್ದಿಕೊಳ್ಳುತ್ತವೆ.

ಕಾಲವನ್ನು ಗುರುತಿಸುವ ಬಗೆ

ಕಾಗದ ಸಿಗದಿದ್ದರೆ ಚಿತ್ರದೊಳಗಿನ ವಸ್ತುಗಳೇ ಕಾಲವನ್ನು ಸೂಚಿಸುವುದುಂಟು. ಛಾವಣಿಗೆ ಮಂಗಳೂರು ಹೆಂಚಿದ್ದರೆ ಚಿತ್ರ 1865ಕ್ಕಿಂತ ಈಚಿನದು. ಬಾಸೆಲ್ ಮಿಷನ್ನಿನವರ ಹೆಂಚಿನ ಕಾರ್ಖಾನೆ ಜೆಪ್ಪುವಿನಲ್ಲಿ ಆರಂಭವಾದದ್ದು ಆ ವರ್ಷ. ಅಂಗಡಿಯ ತಕ್ಕಡಿಯಲ್ಲಿ ಕಿಲೋ ಬಟ್ಟು ಕಂಡರೆ ಅದು ಸಾಮಾನ್ಯವಾಗಿ 1958ರ ಆಚೆಗೆ, ಮೆಟ್ರಿಕ್ ತೂಕ ಬಳಕೆಗೆ ಬಂದ ಮೇಲಿನದು. ಫಲಕದಲ್ಲಿ 'ಮೈಸೂರು ರಾಜ್ಯ' ಎಂದಿದ್ದರೆ 1973ರ ನವೆಂಬರ್ 1ಕ್ಕೆ ಮೊದಲು ಬರೆಯಿಸಿದ ಫಲಕ. ನಮ್ಮ ಜಗಳೂರು 'ಚಿತ್ರದುರ್ಗ ಜಿಲ್ಲೆ'ಯಲ್ಲಿದ್ದರೆ 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಆಗುವುದಕ್ಕೆ ಮೊದಲಿನದು. ನಮ್ಮ ಗಡಿಯಾಚೆಯ ಕೂಡ್ಲಿಗಿಯ ಚಿತ್ರದಲ್ಲಿ ಮದರಾಸು ಸರ್ಕಾರದ ಹೆಸರಿದ್ದರೆ, ಬಳ್ಳಾರಿ ಮೈಸೂರಿಗೆ ಸೇರಿದ 1953ರ ಅಕ್ಟೋಬರ್ 1ರ ಹಿಂದಿನ ಫಲಕವದು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಹೊಸ ವಸ್ತುವೊಂದು ಕಂಡರೆ ಚಿತ್ರ ಅದಕ್ಕಿಂತ ಹಿಂದಿನದಲ್ಲವೆಂದು ಖಚಿತವಾಗಿ ಹೇಳಬಹುದು. ಹಳೆಯ ವಸ್ತು ಕಂಡರೆ ಹಾಗೆ ಹೇಳಲಾಗದು. ಬಣ್ಣ ಬಳಿಯುವ ಹಣವಿಲ್ಲದೆ ಹಳೆಯ ಫಲಕ ಹತ್ತು ವರ್ಷ ಹಾಗೆಯೇ ಉಳಿದಿರಬಹುದು. ನೆಗೆಟಿವನ್ನು ತಿರುವಿಟ್ಟು ಮುದ್ರಿಸಿದರೆ ಎಡ ಬಲವಾಗುವುದೂ ಉಂಟು. ಅಕ್ಷರಗಳನ್ನೋ ಅಂಗಿಯ ಗುಂಡಿಯ ಬದಿಯನ್ನೋ ನೋಡಿ ಅದನ್ನು ಪತ್ತೆಹಚ್ಚಬೇಕು.

ಹಿರಿಯರನ್ನು ಕೇಳುವಾಗ "ಯಾವ ಇಸವಿ?" ಎಂದು ಕೇಳಿ ಅವರನ್ನು ಕಂಗೆಡಿಸಬಾರದು. ಊರಿಗೆ ಕರೆಂಟು ಬರುವುದಕ್ಕೆ ಮೊದಲೋ ಆಮೇಲೋ? ದೊಡ್ಡ ಮಗ ಹುಟ್ಟಿದ್ದನೆ? ಹಾಡುಹಗಲೇ ಕತ್ತಲಾದ ದೊಡ್ಡ ಗ್ರಹಣಕ್ಕೆ ಹಿಂದೆಯೋ ಮುಂದೆಯೋ? ಆ ಸೂರ್ಯಗ್ರಹಣ 1980ರ ಫೆಬ್ರವರಿ 16ರಂದು ಆದದ್ದು. ಅದನ್ನು ಮರೆತ ಹಿರಿಯರು ಕಡಮೆ. ಹೀಗೆ ಕೇಳುತ್ತ ಹೋದರೆ ಇಸವಿ ತಾನಾಗಿ ಹೊರಬೀಳುತ್ತದೆ.

ಮಾಡಬೇಕಾದುದು

ಒಂದು ಶಾಸನದಲ್ಲಿ ಏನೇನಿರುತ್ತದೆಯೋ ಅದನ್ನೇ ಚಿತ್ರದ ಹಿಂದೆ ಬರೆದರೆ ಸಾಕು: ಕಾಲ, ಸ್ಥಳ, ಸಂದರ್ಭ, ಎಡದಿಂದ ಬಲಕ್ಕೆ ಜನರ ಹೆಸರು. ಹೆಂಗಸರನ್ನು 'ಇಂಥವರ ಪತ್ನಿ' ಎಂದು ಬರೆದು ನಿಲ್ಲಿಸದೆ ಅವರ ಹೆಸರನ್ನೂ ತವರೂರನ್ನೂ ಬರೆಯಬೇಕು. ಅಂಚಿನಲ್ಲಿರುವ ಆಳುಮಗ, ಅಡಿಗೆಯವರು, ವಾದ್ಯದವರು ಯಾರನ್ನೂ ಬಿಡಬಾರದು. ಕೊನೆಯಲ್ಲಿ, ಶಾಸನದ ಸಾಕ್ಷಿಗಳಂತೆ, ಈ ವಿವರ ಹೇಳಿದವರಾರು, ಬರೆದುಕೊಂಡವರಾರು, ಯಾವ ದಿನ ಎಂಬುದೂ ಇರಲಿ. ಸಂಶಯವಿದ್ದರೆ ಸಂಶಯವೆಂದೇ ಬರೆಯುವುದು ಲೇಸು.

ಬರೆಯುವುದಕ್ಕೆ ಮೆತ್ತನೆಯ ಪೆನ್ಸಿಲ್ ಒಳ್ಳೆಯದು. ಬಾಲ್‌ಪೆನ್ನಿನಿಂದ ಒತ್ತಿ ಬರೆದರೆ ಅಕ್ಷರ ಮುಂಬದಿಗೆ ಉಬ್ಬುತ್ತದೆ. ಚಿತ್ರಕ್ಕೆ ಗೋಂದು, ಅಂಟುಪಟ್ಟಿ, ಲ್ಯಾಮಿನೇಷನ್ ಕೂಡದು. ಚೌಕಟ್ಟಿನ ಗಾಜಿಗೆ ಅಂಟಿಕೊಂಡಿದ್ದರೆ ಎಳೆದು ಕೀಳದೆ, ಗಾಜಿನ ಸಮೇತ ಪ್ರತಿ ತೆಗೆಯಿಸಬೇಕು. ತೇವ, ಗೆದ್ದಲು, ನೇರ ಬಿಸಿಲು ಇವು ಮೂರೂ ಅದರ ಶತ್ರುಗಳು. ಒಣಗಿದ ಜಾಗದಲ್ಲಿ ಶುದ್ಧ ಕಾಗದದ ಲಕೋಟೆಯೊಳಗಿಡುವುದು ಕ್ಷೇಮ. ಮೊಬೈಲ್ ಫೋನಿನಿಂದ ಪ್ರತಿ ತೆಗೆಯುವವರು ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ ತೆಗೆಯಲಿ. ಹಿಂಬದಿಯ ಬರವಣಿಗೆಯ ಪ್ರತಿಯನ್ನೂ ಜೊತೆಗಿಡಲಿ. ಅದೇ ಫೋನಿನಲ್ಲಿ ಹಿರಿಯರ ದನಿಯನ್ನೂ ಮುದ್ರಿಸಿಕೊಳ್ಳಬಹುದು. ದನಿಯ ಬೆಲೆ ಬಾನುಲಿ ಕೇಳುವವರಿಗೆ ಹೇಳಬೇಕಾದುದಿಲ್ಲ. ಬೇರೆ ಮನೆಯವರ ಚಿತ್ರವಾದರೆ ಕೇಳಿಯೇ ಪ್ರತಿ ಮಾಡಬೇಕು. ಮನೆಯೊಳಗೇ ಇರಲೆಂದು ಅವರು ಬಯಸುವ ಸಂಗತಿಗಳನ್ನು ಬೀದಿಗೆ ತರಬಾರದು.

ಇದೆಲ್ಲ ಅಷ್ಟು ಅವಸರದ ಕೆಲಸವೆ ಎಂದು ಕೇಳುವವರಿರಬಹುದು. 1953ರಲ್ಲಿ ತುಂಗಭದ್ರಾ ಜಲಾಶಯದಲ್ಲಿ ನೀರು ನಿಂತಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಕಣಿವೆಯ ಹಳ್ಳಿಗಳು ಮುಳುಗಿದುವು. ಆ ಊರುಗಳವರು ಈಗ ಎಲ್ಲೆಲ್ಲಿಯೋ ಇದ್ದಾರೆ. ಅಂಗಳ, ತೋಟ, ಗುಡಿ ಎಲ್ಲಿದ್ದುವೆಂದು ತೋರಿಸಲು ಅವರಿಗೆ ನೆಲವೇ ಇಲ್ಲ. ಒಂದು ಚಿತ್ರ, ಅದನ್ನು ನೋಡಿ ಹೇಳಬಲ್ಲ ಒಬ್ಬ ಹಿರಿಯರು, ಇವೆರಡೇ ಉಳಿದಿರುವ ಊರು. ನಮ್ಮ ಊರುಗಳು ನೀರಿನಲ್ಲಿ ಮುಳುಗದಿರಬಹುದು. ಆದರೆ ಮಾಳಿಗೆಮನೆ ಬಿದ್ದು ತಾರಸಿ ಎದ್ದಿದೆ, ಸಂತೆಯ ಕಟ್ಟೆ ಬಸ್‌ನಿಲ್ದಾಣವಾಗಿದೆ, ಹೇಳಬಲ್ಲವರ ಸಂಖ್ಯೆ ವರ್ಷಕ್ಕೊಮ್ಮೆ ಕಡಮೆಯಾಗುತ್ತಿದೆ.

ನನ್ನ ತಂದೆಯ ಚಿತ್ರವನ್ನು ಕಳೆದ ಯುಗಾದಿಯಂದು ಗೋಡೆಯಿಂದಿಳಿಸಿ ಹಿಂಬದಿಗೆ ಬರೆದೆ: 'ಎಡಗಡೆ ನನ್ನ ತಂದೆ. ಬಲಗಡೆಯವರು ತಂದೆಯ ಜೊತೆಗಾರರೆಂದು ತಾಯಿ ಹೇಳಿದರು. ಹೆಸರನ್ನು ಕೇಳಿ ಬರೆದುಕೊಳ್ಳಲಿಲ್ಲ.' ಕೆಳಗೆ ನನ್ನ ಹೆಸರು, ತಾರೀಖು. ಚಿತ್ರದ ಪ್ರತಿಯೊಂದನ್ನು ಚೀಲದಲ್ಲಿಟ್ಟುಕೊಂಡು ತಂದೆಯ ಕಾಲದ ಹಿರಿಯರು ಕಂಡಲ್ಲೆಲ್ಲ ತೋರಿಸುತ್ತಿದ್ದೇನೆ. ಈವರೆಗೆ ಗುರುತಿಸಿದವರಿಲ್ಲ.

ಓದುಗರ ಮನೆಗಳಲ್ಲಿ ಹೇಳಬಲ್ಲವರು ಇನ್ನೂ ಇದ್ದರೆ ಅದು ದೊಡ್ಡ ಭಾಗ್ಯ. ಈ ಸಂಜೆ ರೇಡಿಯೋದಲ್ಲಿ ವಾರ್ತೆ ಮುಗಿದ ಮೇಲೆ ಗೋಡೆಯ ಮೇಲಿನ ಒಂದು ಚಿತ್ರವನ್ನು ಇಳಿಸಿ, ಧೂಳೊರೆಸಿ, ಅಜ್ಜಿಯ ತೊಡೆಯ ಮೇಲಿಡಿ. ಕೈಗೊಂದು ಪೆನ್ಸಿಲ್ ತೆಗೆದುಕೊಂಡು ಪಕ್ಕದಲ್ಲಿ ಕುಳಿತುಕೊಳ್ಳಿ. "ನಾಳೆ ಹೇಳ್ತೀನಿ" ಎಂದರೆ, ನಾಳೆ ಮರೆಯದೆ ಕೇಳಿ.